ಹಟ್ಟಿಹೊಳೆ ದಾಟಿದ ಮಾವ

ನಮ್ಮ ಸೋದರಮಾವನಿಗೆ ಕಾರು ಓಡಿಸಲು ಬರುವುದಿಲ್ಲ. ಹೋಗಲಿ ಎಂದರೆ ಕಾರಿನಲ್ಲಿ ಕೂರಲೂ ಬರುವುದಿಲ್ಲ! ಆದರೂ ನಮ್ಮ ಬಳಗದಲ್ಲಿ ಯಾರು ಕಾರು ಕೊಳ್ಳುವುದಿದ್ದರೂ ಮಾವನ ಅಭಿಪ್ರಾಯ ಕೇಳದೆ ಮುಂಗಡ ಕೊಡುವಂತಿಲ್ಲ. "ಓಡಿಸೋನಿಗೆ ಎಂಜಿನ್ ಗೊತ್ತಿರ್ತದೆ, ಅಷ್ಟೇ. ಗಾಡಿ ಎಂಥದ್ದು ಅಂತ ಗೊತ್ತಾಗೋದು ಅದರೊಳಗೆ ಕೂತು ವಾಂತಿ ಮಾಡೋನಿಗೆ" ಎಂಬುದು ಅವರ ಸಿದ್ಧಾಂತ. ಈ ಕ್ಷೇತ್ರದಲ್ಲಿ ಅವರ ಅನುಭವವನ್ನು ಪ್ರಶ್ನಿಸುವವರು ನಮ್ಮಲ್ಲಿ ಯಾರೂ ಇಲ್ಲ.

ಪ್ರಯಾಣದಲ್ಲಿ ಹೊಟ್ಟೆ ತೊಳಸುವುದು ಯಾರಿಗಿಲ್ಲ ಹೇಳಿ? ಕೊಡಗಿನಲ್ಲಿ ನೇರ ರಸ್ತೆ ಎಂದರೆ ಎರಡು ತಿರುವುಗಳ ನಡುವೆ ಸಿಗುವ ಬಿಡುವು. ಬಸ್ಸಿನಲ್ಲಿ ಯಾರಾದರೊಬ್ಬರು ಕಿಟಕಿಗೆ ತಲೆ ಕೊಟ್ಟಿರುವುದು ನಮಗೆ ಟಿಕೆಟ್ಟಿನಷ್ಟೇ ಸಹಜ. ಆದರೆ ಮಾವನದು ಆ ಸಾಮಾನ್ಯ ದರ್ಜೆಯ ತೊಂದರೆಯಲ್ಲ. ನಿಂತ ಬಸ್ಸಿನ ಬೋರ್ಡು ಓದಿದರೂ ಅವರಿಗೆ ಬಾಯಲ್ಲಿ ನೀರೂರುತ್ತದೆ. ಅದಕ್ಕೇ ಅವರು ಮಡಿಕೇರಿಯ ಏರು ಇಳಿಜಾರುಗಳನ್ನೆಲ್ಲ ಕಾಲಿನಲ್ಲೇ ತೀರಿಸಿಕೊಂಡು, ನಿವೃತ್ತರಾದ ಮೇಲೂ ನನಗಿಂತ ಗಟ್ಟಿಮುಟ್ಟಾಗಿದ್ದಾರೆ.

ಮಾವ ಗಣಿತದ ಮೇಷ್ಟ್ರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರನ್ನು ದಕ್ಷಿಣ ಕೊಡಗಿನ ಬಾಳೆಲೆ ಎಂಬ ಊರಿಗೆ ಹಾಕಿದರು. ಬಸ್ಸಿಳಿದವರ ಸ್ಥಿತಿ ನೋಡಿ ಹೆಡ್‌ಮೇಷ್ಟ್ರು ಹಾಜರಿ ಪುಸ್ತಕ ಕೊಡುವ ಮೊದಲು ಸೋಡಾ ಕೊಟ್ಟರಂತೆ. ಮತ್ತೆ ಆ ಬಸ್ಸು ಹತ್ತುವ ಧೈರ್ಯವಾಗದೆ ಮಾವ ಅಲ್ಲೇ ಬಿಡಾರ ಹೂಡಿದರು. ಶನಿವಾರ ಮಧ್ಯಾಹ್ನ ಬೇರೆ ಮೇಷ್ಟ್ರುಗಳೆಲ್ಲ ಊರಿನ ಬಸ್ಸು ಹಿಡಿಯಲು ಓಡುತ್ತಿದ್ದರೆ ಇವರು ಮಕ್ಕಳನ್ನು ಕೂರಿಸಿಕೊಂಡು ರೇಖಾಗಣಿತ ಹೇಳಿಕೊಡುತ್ತಿದ್ದರು. ಭಾನುವಾರವೂ ಅದೇ. ಅಲ್ಲಿಂದ ವರ್ಗವಾದಾಗ ಊರವರು ಶಾಲು ಹೊದಿಸಿ, ಮನೆ ಮಠ ಮರೆತು ಮಕ್ಕಳಿಗಾಗಿ ದುಡಿದ ತ್ಯಾಗಜೀವಿ ಎಂದು ಭಾಷಣ ಮಾಡಿದರು. ವಾಪಸು ಬರುವ ಬಸ್ಸಿನಲ್ಲಿ ತ್ಯಾಗಜೀವಿ ಆ ಶಾಲನ್ನು ಯಾವ ಕೆಲಸಕ್ಕೆ ಬಳಸಿದರು ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಮದುವೆಯ ವಿಷಯದಲ್ಲೂ ಹಾಗೆಯೇ. ಶ್ರೀಮಂಗಲದ ಕಡೆಯಿಂದ ಒಳ್ಳೆಯ ಸಂಬಂಧ ಬಂದಿತ್ತಂತೆ. ಮಾವ ಹುಡುಗಿಯ ನಕ್ಷತ್ರ ಕೇಳುವ ಮೊದಲು ದಾರಿಯಲ್ಲಿ ತಿರುವು ಎಷ್ಟು ಎಂದು ಕೇಳಿದರು. ಕೊನೆಗೆ ಅವರು ಒಪ್ಪಿದ್ದು ಹಿಂದಿನ ಬೀದಿಯ ಅರ್ಚಕರ ಮಗಳನ್ನು. "ಇವರು ಒಪ್ಪಿದ್ದು ನನ್ನ ಮುಖ ನೋಡಿ ಅಲ್ಲ ಕಣೆ, ನಮ್ಮನೆ ದೂರ ನೋಡಿ" ಎಂದು ಅತ್ತೆ ಇಂದಿಗೂ ಹೇಳುತ್ತಾರೆ. ಅತ್ತೆಗೆ ಪ್ರಯಾಣದ ತೊಂದರೆಯೇನೂ ಇಲ್ಲ. ಆದರೆ ಬೇರೆಯವರು ವಾಂತಿ ಮಾಡುವುದನ್ನು ಕಂಡರೆ ಅವರಿಗೂ ಬರುತ್ತದೆ. ಹೀಗಾಗಿ ಈ ದಂಪತಿ ಜೊತೆಯಾಗಿ ಎಲ್ಲಿಗೂ ಹೋದವರಲ್ಲ. ನಮ್ಮ ಬಳಗದಲ್ಲಿ ಜಗಳವೇ ಇಲ್ಲದ ಸಂಸಾರ ಅವರದೊಂದೇ ಎಂಬುದಕ್ಕೂ ಇದಕ್ಕೂ ಸಂಬಂಧವಿದೆಯೋ ಏನೋ.

ನನ್ನ ಅಮ್ಮ ಈ ಮಾವನ ಅಕ್ಕ. ಚಿಕ್ಕಂದಿನಲ್ಲಿ ಎಲ್ಲಿಗೆ ಹೊರಟರೂ ಬಸ್ಸಿನಲ್ಲಿ ತಮ್ಮನ ಹಣೆ ಹಿಡಿದುಕೊಳ್ಳುವುದು ಅವಳ ಕೆಲಸವಾಗಿತ್ತು. ಮದುವೆಯಾಗಿ ಜಿಲ್ಲೆಯ ಉತ್ತರದ ತುದಿಯ ಕೊಡ್ಲಿಪೇಟೆಗೆ ಹೊರಟ ದಿನವೂ, ಕಳಿಸಿಕೊಡಲು ಜೊತೆಗೆ ಬಂದ ತಮ್ಮನ ಹಣೆಯನ್ನು ಧಾರೆ ಸೀರೆಯಲ್ಲೇ ಕೂತು ಹಿಡಿದುಕೊಂಡಿದ್ದಳಂತೆ. ಪಕ್ಕದಲ್ಲಿದ್ದ ಮದುಮಗ, ಅಂದರೆ ನನ್ನ ಅಪ್ಪ, ಆ ದಾರಿಯುದ್ದಕ್ಕೂ ಹಿಡಿದದ್ದು ಹೊಸ ಹೆಂಡತಿಯ ಕೈಯನ್ನಲ್ಲ, ಬಾಮೈದನ ತಗಡಿನ ಡಬ್ಬಿಯನ್ನು! ಹಾಗೂ ಹೀಗೂ ಹೋಗಿ ತಲುಪಿದರು. ಆದರೆ ಮರಳಿ ಬರುವಾಗ ಹಣೆ ಹಿಡಿಯಲು ಅಕ್ಕ ಇರಲಿಲ್ಲ. ಮಾವ ಆಮೇಲೆ ಕೊಡ್ಲಿಪೇಟೆ ಕಂಡಿಲ್ಲ.

ಪ್ರಯತ್ನ ಮಾಡಲಿಲ್ಲವೆಂದಲ್ಲ. ಬಳಗದಲ್ಲಿ ಹೊಸ ಗಾಡಿ ಬಂದಾಗಲೆಲ್ಲ ಅಕ್ಕನ ಮನೆಗೆಂದು ಹೊರಡುತ್ತಿದ್ದರು. ಜೀಪು, ವ್ಯಾನು, ನಮ್ಮ ಹಳೆಯ ಪೆಟ್ರೋಲ್ ಕಾರು, ಯಾವುದಾದರೂ ಕಥೆ ಒಂದೇ. ಮಕ್ಕಂದೂರು ಹೇಗೋ ದಾಟುತ್ತಿತ್ತು. ಹಟ್ಟಿಹೊಳೆಯ ಸೇತುವೆ ಹತ್ತಿರ ಬರುವ ಹೊತ್ತಿಗೆ ಮಾವ ಮುಗಿದಿರುತ್ತಿದ್ದರು. ಅಲ್ಲಿ ಇಳಿದು, ಬಾಯಿ ತೊಳೆದು, ಮಡಿಕೇರಿಗೆ ನಡೆದೇ ವಾಪಸು. ಅದಕ್ಕೆ ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅಮ್ಮನೇ ಬಂದು, ತಮ್ಮನ ಕೈಯಿಂದ ತವರಿನ ಬಾಗಿನ ಇಸಿದುಕೊಂಡು ಹೋಗುತ್ತಿದ್ದಳು.

ಈ ವರ್ಷ ಅಮ್ಮನಿಗೆ ಮಂಡಿ ಆಪರೇಷನ್ ಆಯಿತು. ಸದ್ಯಕ್ಕೆ ಪ್ರಯಾಣ ಬೇಡ ಎಂದರು ಡಾಕ್ಟರು. ಬಾಗಿನವನ್ನು ನಾನೇ ತಲುಪಿಸುತ್ತೇನೆ ಎಂದೆ.

ಮಾವ ತಲೆಯಾಡಿಸಿದರು. "ನೀನು ತಗೊಂಡು ಹೋದ್ರೆ ಅದು ಕೊರಿಯರ್ ಆಗ್ತದೆ ಪುಟ್ಟಿ, ಬಾಗಿನ ಆಗಲ್ಲ. ಅವಳು ಇಷ್ಟು ವರ್ಷ ಬಂದ್ಲು. ಈ ಸಲ ನಾನು ಹೋಗ್ಬೇಕು."

ಅದೇ ಸಮಯಕ್ಕೆ ಮಡಿಕೇರಿಯಲ್ಲೇ ಇರುವ ನಾನೂ ನಮ್ಮ ಯಜಮಾನರೂ ಹಳೆಯ ಕಾರು ಕೊಟ್ಟು ಒಂದು ಪುಟ್ಟ ಎಲೆಕ್ಟ್ರಿಕ್ ಎಸ್‌ಯುವಿ ಕೊಳ್ಳುವ ಯೋಚನೆಯಲ್ಲಿದ್ದೆವು. ಯಜಮಾನರು ಅನ್ನ ಕಲಸುವಾಗಲೂ ಮೊಬೈಲಿನಲ್ಲಿ ಹೋಲಿಕೆಯ ವಿಡಿಯೋ ನೋಡುತ್ತಿದ್ದರು. ಯಾವುದರ ಬ್ಯಾಟರಿ ದೊಡ್ಡದು, ಯಾವುದರ ಡಿಕ್ಕಿ ಅಗಲ, ಯಾವುದು ನೆಲದಿಂದ ಹೆಚ್ಚು ಎತ್ತರ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮಾವನನ್ನು ಕೂರಿಸಿಕೊಂಡು ಪಾಠ ಶುರುಮಾಡಿದರು.

"ಒಂದ್ಸಲ ಫುಲ್ ಚಾರ್ಜ್ ಮಾಡಿದ್ರೆ ಎಲ್ಲಿವರೆಗೆ ಹೋಗ್ತದೆ ಅನ್ನೋದಕ್ಕೆ ರೇಂಜ್ ಅಂತಾರೆ ಮಾವ. ಈ ಬಿಳಿ ಕಾರು ಬೆಂಗಳೂರು ಮುಟ್ಟಿ ಇನ್ನೂ ಮಿಕ್ಕಿಸ್ತದೆ."

"ನನ್ನ ರೇಂಜು ಹಟ್ಟಿಹೊಳೆ. ಅದಕ್ಕೇನಾದ್ರೂ ಮಾಡೋಕೆ ಆಗ್ತದಾ ನೋಡಿ ಅಳಿಯಂದ್ರೇ."

ಹೀಗೆ ಮಾವ ನಮ್ಮ ಅಧಿಕೃತ ಪರೀಕ್ಷಕರಾದರು. ಹಬ್ಬಕ್ಕೆ ಮೊದಲು ಅವರನ್ನು ಕೊಡ್ಲಿಪೇಟೆ ಮುಟ್ಟಿಸಬಲ್ಲ ಕಾರು ಯಾವುದು ಎಂಬುದೇ ಪ್ರಶ್ನೆಪತ್ರಿಕೆ.

ಮೊದಲು ಬಂದದ್ದು ಆ ಬಿಳಿ ಕಾರು. ಕುಶಾಲನಗರದ ಶೋರೂಮಿನ ಸೇಲ್ಸ್‌ನವರು ನಾನೇ ಓಡಿಸಿ ತೋರಿಸುತ್ತೇನೆ ಎಂದರು. ಮಾವ ಹಿಂದಿನ ಸೀಟಿನ ಎಡಗಡೆ ಕಿಟಕಿಗೆ ಕೂತು, ಒಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು ಮಗ್ಗಿ ಶುರುಮಾಡಿದರು. ಹೊಟ್ಟೆಯಿಂದ ಗಮನ ಬೇರೆಡೆಗೆ ಹರಿಸಲು ಅವರು ಕಂಡುಕೊಂಡ ಉಪಾಯ ಅದು. ಹನ್ನೊಂದರ ಮಗ್ಗಿಯಿಂದ ಹೊರಟು, ಹೊಟ್ಟೆ ಕೆಟ್ಟಷ್ಟೂ ಮೇಲಿನ ಮಗ್ಗಿಗೆ ಹೋಗುತ್ತಾರೆ. ಮಗ್ಗಿ ನಿಂತಿತೋ, ಗಾಡಿಯೂ ತಕ್ಷಣ ನಿಲ್ಲಬೇಕು. ಇದು ನಮಗೆಲ್ಲ ಗೊತ್ತು. ಸೇಲ್ಸ್‌ನವರಿಗೆ ಗೊತ್ತಿರಲಿಲ್ಲ.

"ಇದರಲ್ಲಿ ಬ್ರೇಕೇ ಒತ್ತೋದು ಬೇಡ ಸಾರ್. ಆಕ್ಸಿಲರೇಟರ್‌ನಿಂದ ಕಾಲು ತೆಗೆದ್ರೆ ಸಾಕು, ತಾನೇ ನಿಧಾನ ಆಗ್ತದೆ. ಬ್ಯಾಟರಿಗೂ ಚಾರ್ಜ್ ಹೋಗ್ತದೆ" ಎಂದು ತಿರುವು ತಿರುವಿಗೂ ಕಾಲು ತೆಗೆದು ತೋರಿಸಿದರು.

"ಹದಿಮೂರೊಂದ್ಲಿ ಹದಿಮೂರು, ಹದಿಮೂರೆರಡ್ಲಿ ಇಪ್ಪತ್ತಾರು" ಎಂದರು ಮಾವ.

ಸೇಲ್ಸ್‌ನವರು ಕನ್ನಡಿಯಲ್ಲಿ ನೋಡಿದರು. ಹಿಂದೆ ಕೂತ ಹಿರಿಯರು ಕಣ್ಣುಮುಚ್ಚಿ ಲೆಕ್ಕ ಹಾಕುತ್ತಿದ್ದಾರೆ! ಸಾಲದ ಬಡ್ಡಿಯ ಲೆಕ್ಕವೇ ಇರಬೇಕೆಂದು ಅವರಿಗೆ ಗಾಬರಿಯಾಯಿತು. "ಫ್ಲೋರ್ ಮ್ಯಾಟ್ ಫ್ರೀ ಕೊಡ್ತೇವೆ ಸಾರ್" ಎಂದರು. ಮಾವ ಹದಿನೈದಕ್ಕೆ ಏರಿದರು. "ಸೀಟ್ ಕವರೂ ಹಾಕಿಸ್ತೇನೆ." ಮಾವ ಹದಿನೇಳಕ್ಕೆ ಏರಿದರು. "ಇನ್ನೂ ಕಡಿಮೆ ಆಗ್ಬೇಕಂದ್ರೆ ಮ್ಯಾನೇಜರ್ ಹತ್ರ ಮಾತಾಡ್ತೇನೆ ಸಾರ್." ಅಷ್ಟರಲ್ಲಿ ಹದಿನೇಳೇಳ್ಲಿ ನೂರಾ ಹತ್ತೊಂಬತ್ತರ ಹತ್ತಿರ ಮಗ್ಗಿ ನಿಂತಿತು. ವ್ಯಾಪಾರ ಕುದುರಿತೆಂದು ಸೇಲ್ಸ್‌ನವರು ಗಾಡಿ ಬದಿಗೆ ಹಾಕಿ, ನಗುತ್ತಾ ಹಿಂದಕ್ಕೆ ತಿರುಗಿ ಕೈ ಚಾಚಿದರು. ಚಾಚಬಾರದಿತ್ತು.

ಆಮೇಲೆ ಮಕ್ಕಂದೂರಿನ ನಲ್ಲಿಯಲ್ಲಿ ಎಲ್ಲರೂ ಕೈಕಾಲು ತೊಳೆದುಕೊಳ್ಳುವಾಗ ಮಾವ ತಮ್ಮ ವರದಿ ಒಪ್ಪಿಸಿದರು. "ಪೆಟ್ರೋಲ್ ಗಾಡಿ ಗೇರು ಬದಲಿಸೋವಾಗ ಗುರ್ ಅಂತ ಹೇಳಿಯಾದ್ರೂ ಹೇಳ್ತಿತ್ತು, ಹೊಟ್ಟೆ ರೆಡಿ ಆಗ್ತಿತ್ತು. ಇದು ಹೇಳ್ದೆ ಕೇಳ್ದೆ ಮುಂದೆ ನುಗ್ತದೆ. ಕಾಲು ತೆಗೆದ್ರೆ ಹಿಂದಿನಿಂದ ಯಾರೋ ಪಂಚೆ ಎಳೆದ ಹಾಗೆ ನಿಲ್ತದೆ. ಬ್ಯಾಟರಿಗೆ ಹೋಗೋ ಚಾರ್ಜು ನನ್ನ ಹೊಟ್ಟೆಯಿಂದ ಹೋಗ್ತಾ ಉಂಟು." ಪಾಪ, ಆ ಸೇಲ್ಸ್‌ನವರು ಮತ್ತೆ ಫೋನ್ ಮಾಡಲಿಲ್ಲ.

ಎರಡನೆಯ ಕಾರು ಕೆಂಪಗೆ ಮದುಮಗಳ ಹಾಗಿತ್ತು. ಚಾವಣಿಯಿಡೀ ಗಾಜು, ಮುಂದೆ ಟಿವಿಯಷ್ಟು ಅಗಲದ ಸ್ಕ್ರೀನು, ಬಾಗಿಲ ಬದಿಯಲ್ಲಿ ನೀಲಿ ದೀಪ. ಹೊಸ ಸೀಟಿನ ವಾಸನೆ ಮುಚ್ಚಲು ಒಳಗೆಲ್ಲ ಮಲ್ಲಿಗೆ ಸೆಂಟು ಹೊಡೆದಿದ್ದರು. ಮಾವ ಒಳಗೆ ಕೂತು ಮೇಲೆ ನೋಡಿದರು. ಗಾಜಿನಾಚೆ ಮೋಡಗಳು ಓಡುತ್ತಿದ್ದವು. ಕಾರು ಇನ್ನೂ ಹೊರಟಿರಲಿಲ್ಲ. ಮಾವ ಮೆಲ್ಲಗೆ ಇಳಿದು, ಶೋರೂಮಿನಿಂದ ಬಂದಿದ್ದ ಹೆಣ್ಣುಮಗಳಿಗೆ ಕೈಮುಗಿದರು. "ಗಾಡಿ ಬಹಳ ಚೆನ್ನಾಗಿದೆ ತಾಯಿ. ನಿಲ್ಲಿಸಿಡೋರಿಗೆ ಕೊಡಿ."

ಹಬ್ಬ ಹತ್ತಿರ ಬರುತ್ತಿತ್ತು. ಮಾವ ಆಗಲೇ ಬಾಗಿನದ ಮೊರ, ಹಸಿರು ಬಳೆ, ರವಿಕೆ ಕಣ ಎಲ್ಲ ತಂದಿಟ್ಟಿದ್ದರು. ಸಂಜೆ ನಮ್ಮ ಮನೆಗೆ ಬಂದು, ಮುಂದಿನ ಕಾರು ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದರು. ಅಲ್ಲಿಯವರೆಗೆ ಬರೇ ತಮಾಷೆಯಾಗಿ ನೋಡುತ್ತಿದ್ದ ನಾನೂ ಯಜಮಾನರ ಪಕ್ಕ ಕೂತು ಹೋಲಿಕೆಯ ವಿಡಿಯೋ ನೋಡತೊಡಗಿದೆ.

ಮೂರನೆಯ ಕಾರು ಯಜಮಾನರಿಗೆ ಇಷ್ಟವೇ ಇರಲಿಲ್ಲ. ರೇಂಜ್ ಕಡಿಮೆ, ಡಿಕ್ಕಿ ಚಿಕ್ಕದು, ಬಣ್ಣ ಬೂದಿ. ಆದರೆ ಸೀಟು ಬಟ್ಟೆಯದು, ಕಿಟಕಿ ಪೂರ್ತಿ ಇಳಿಯುತ್ತಿತ್ತು. ಸ್ಟಿಯರಿಂಗಿನ ಹಿಂದಿನ ಒಂದು ಲಿವರ್ ಎಳೆದರೆ, ಕಾಲು ತೆಗೆದಾಗ ತಡೆದು ನಿಲ್ಲುವ ಆ ಚಾಳಿಯನ್ನು ಪೂರ್ತಿ ಬಂದ್ ಮಾಡಬಹುದಿತ್ತು. ಈ ಸಲ ಓಡಿಸಿದ್ದು ನಾನು. ತುಂಬಿದ ಚೊಂಬು ಹೊತ್ತವಳಂತೆ ಓಡಿಸಿದೆ. ಮಕ್ಕಂದೂರು ದಾಟಿತು. ಹಟ್ಟಿಹೊಳೆ ಸೇತುವೆ ಕಂಡಾಗ ಮಾವ ಇನ್ನೂ ಹನ್ನೆರಡರ ಮಗ್ಗಿಯಲ್ಲಿದ್ದರು.

"ನಿಲ್ಸು ಪುಟ್ಟಿ."

ಯಜಮಾನರು ಪ್ಲಾಸ್ಟಿಕ್ ಕವರು ಬಿಡಿಸಿದರು. ಮಾವ ಅದನ್ನು ನೋಡಲೂ ಇಲ್ಲ. ಇಳಿದು, ಸೇತುವೆಯ ಮೇಲೆ ನಡೆದು ಆಚೆ ಬದಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ಮುಂದಿನ ರಸ್ತೆ ನೋಡುತ್ತಾ ನಿಂತರು. ನಾನು ಕಾರು ತಂದು ಪಕ್ಕದಲ್ಲಿ ನಿಲ್ಲಿಸಿದೆ.

"ಇಲ್ಲಿಂದ ಮುಂದೆ ರಸ್ತೆ ಹೀಗುಂಟಾ?" ಎಂದರು. "ಅಕ್ಕನ ಮದುವೆ ದಿನ ಕಣ್ಣು ಮುಚ್ಚಿಕೊಂಡೇ ಹೋಗಿದ್ದೆ."

ಅಂದು ಮಾದಾಪುರದವರೆಗೆ ಹೋಗಿ ಚಹಾ ಕುಡಿದು ಬಂದೆವು. ದಾರಿಯಲ್ಲಿ ಯಜಮಾನರು ಕೊನೆಯ ಪ್ರಯತ್ನವೆಂಬಂತೆ, "ಎಲ್ಲ ಸರಿ ಮಾವ, ಆದ್ರೆ ಇದರ ರೇಂಜ್ ಕಡಿಮೆ" ಎಂದರು.

"ನನ್ನದಕ್ಕಿಂತ ಜಾಸ್ತಿ ಉಂಟಲ್ಲ."

ಯಜಮಾನರು ಆ ಸಂಜೆಯೇ ಬೂದಿ ಬಣ್ಣದ ಕಾರು ಬುಕ್ ಮಾಡಿದರು. ಅವರನ್ನು ಕಟ್ಟಿಕೊಂಡದ್ದಕ್ಕೆ ನನಗೆ ನಿಜಕ್ಕೂ ಹೆಮ್ಮೆಯಾದ ದಿನಗಳಲ್ಲಿ ಅದೊಂದು.

ಕಾರು ಸಮಯಕ್ಕೆ ಸರಿಯಾಗಿ ಕೈಸೇರಿತು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹೊರಟೆವು. ಅತ್ತೆ ಬಾಗಿಲಲ್ಲೇ ನಿಂತು ನಿಂಬೆಹಣ್ಣು ಕೊಟ್ಟು, ಮುಖ ಆಚೆ ತಿರುಗಿಸಿಕೊಂಡೇ ಕೈ ಬೀಸಿದರು. ಮಾವ ಹೊಸ ಪಂಚೆ ಉಟ್ಟು, ಬಾಗಿನದ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹಟ್ಟಿಹೊಳೆ ದಾಟಿತು, ಮಾದಾಪುರ ದಾಟಿತು. ಸೋಮವಾರಪೇಟೆಯಲ್ಲಿ ಹದಿನಾಲ್ಕರ ಮಗ್ಗಿ. ಶನಿವಾರಸಂತೆಗೆ ಬರುವಾಗ ಹದಿನಾರು. ಮುಂದೆ ಕೂತಿದ್ದ ಯಜಮಾನರು ಬ್ಯಾಟರಿಯ ಅಂಕಿ ನೋಡುವುದು ಬಿಟ್ಟು ಮಗ್ಗಿಗೇ ಕಿವಿಗೊಟ್ಟಿದ್ದರು. ಕೊಡ್ಲಿಪೇಟೆಯ ಪೇಟೆ ದಾಟಿ, ಅಪ್ಪ ಅಮ್ಮನ ಮನೆಯ ಓಣಿಗೆ ತಿರುಗಿಸಿದೆ. ಹದಿನೆಂಟರ ಮಗ್ಗಿ ಅರ್ಧದಲ್ಲಿ ನಿಂತಿತು.

ನಾನು ಬ್ರೇಕಿಗೆ ಕಾಲಿಟ್ಟೆ.

"ನಿಲ್ಲಿಸ್ಬೇಡ. ಅಕ್ಕ ಕಾಣ್ತಿದ್ದಾಳೆ."

ಗೇಟಿನಲ್ಲಿ ಅಮ್ಮ ವಾಕರ್ ಹಿಡಿದು ನಿಂತಿದ್ದಳು. ಕಾರು ನಿಂತದ್ದೇ ತಡ, ಮಾವ ಮೊರವನ್ನು ನನ್ನ ಯಜಮಾನರ ಕೈಗೆ ತುರುಕಿ, ಇಳಿದು, ಗೇಟಿನ ಪಕ್ಕದ ದಾಸವಾಳದ ಬುಡಕ್ಕೆ ಬಾಗಿದರು. ಇಡೀ ದಾರಿಯ ಬಾಕಿ ಅಲ್ಲಿ ತೀರಿತು. ಅಮ್ಮ ವಾಕರ್ ತಳ್ಳಿಕೊಂಡು ಒಂದೊಂದೇ ಹೆಜ್ಜೆ ಬಂದು, ಅದಕ್ಕೆ ಒರಗಿ ನಿಂತು, ಒಂದು ಕೈ ಚಾಚಿ ತಮ್ಮನ ಹಣೆ ಹಿಡಿದುಕೊಂಡಳು. ಒಳಗಿನಿಂದ ಅಪ್ಪ ಬಕೆಟ್ ಹಿಡಿದು ಓಡಿಬಂದರು. ಅವರಿಗೆ ಅಭ್ಯಾಸ ಮರೆತುಹೋಗಿರಲಿಲ್ಲ.

"ಬರ್ತೀಯ ಅಂತ ಗೊತ್ತಾದಾಗ್ಲೇ ಬಿಸಿನೀರು ಇಟ್ಟಿದೀನಿ ಕಣೋ" ಎಂದಳು ಅಮ್ಮ.

ನನಗೆ ಅಳು ಬರುವಷ್ಟು ನಿರಾಸೆ. "ಇಷ್ಟು ದೂರ ಬಂದು ಗೇಟಲ್ಲಿ ಹೀಗಾಯ್ತಲ್ಲ ಮಾವ. ಓಣೀಲಿ ಇನ್ನೂ ನಿಧಾನ ಬರ್ಬೇಕಿತ್ತು ನಾನು."

ಮಾವ ತಲೆಯೆತ್ತಲಿಲ್ಲ. ಎತ್ತಲು ಅಮ್ಮನ ಕೈ ಬಿಡಲೂ ಇಲ್ಲ.

"ಕಾರು ಪಾಸು ಪುಟ್ಟಿ. ಇನ್ನೂ ಸ್ವಲ್ಪ ದೂರ ತಡ್ಕೊಳ್ಬಹುದಿತ್ತು" ಎಂದರು. "ಅಕ್ಕ ಕಂಡ್ಳು. ಇನ್ಯಾಕೆ ತಡ್ಕೊಳ್ಳೋದು ಅಂತ ಬಿಟ್ಟೆ."