ಅತ್ತೆಯ ಬೆನ್ನ ಹಿಂದಿನ ದೀಪ

ಬೆಳಕನ್ನು ಪಳಗಿಸಿಯೇ ತೀರುತ್ತೇನೆಂದು ನಾನು ಶಪಥ ಮಾಡಿದ್ದು ನಮ್ಮ ಅತ್ತೆ ಸುವರ್ಣಮ್ಮನವರ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಕೇಳುವ ಆಸೆಗೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನ್ನ ಎಣ್ಣೆಗಾಯಿಗೆ ಅವರು ಕೊಟ್ಟಿರುವ ಪರಮೋಚ್ಚ ಪ್ರಶಸ್ತಿ ಎಂದರೆ "ತಿನ್ನಾಕ ಬರ್ತೈತಿ" ಅನ್ನುವುದು. "ಚಲೋ ಆಗೈತಿ" ಎಂಬ ಮಾತನ್ನು ಅವರು ಪಕ್ಕದ ಮನೆಯವರಿಗೆಂದೇ ತೆಗೆದಿರಿಸಿದ್ದಾರೆ.

ಅತ್ತೆಗೊಂದು ಕೊರಗಿತ್ತು. ಯಾವ ಫೋಟೋದಲ್ಲೂ ಅವರ ಮುಖ ಸರಿಯಾಗಿ ಬರುವುದಿಲ್ಲ. ಮೈದುನನ ಮದುವೆಯ ವಿಡಿಯೋದಲ್ಲಿ ಅವರು ಕಾಣಿಸುವುದು ಒಂದೇ ಸಲ. ಅದೂ ವಿಡಿಯೋದವನು ಮುಖಕ್ಕೇ ಲೈಟು ರಾಚಿದಾಗ, ಎರಡೂ ಕಣ್ಣು ಮುಚ್ಚಿ, ಬಾಯಲ್ಲಿ ಅರ್ಧ ಲಾಡು ಇಟ್ಟುಕೊಂಡು.

"ನನ್ನ ಮಾರಿ ಹಿಂಗೈತೇನಲೇ, ಸುನಂದಾ?" ಎಂದು ಕೇಳಿದ್ದರು.

"ತಪ್ಪು ನಿಮ್ಮ ಮಾರೀದಲ್ಲ ಅತ್ತಿ, ಬೆಳಕಿಂದು. ನಾ ತಗೀತೀನಿ ನೋಡ್ರಿ, ಊರೆಲ್ಲ ನಿಂತು ನೋಡ್ಬೇಕು!" ಎಂದೆ. ಊರೆಲ್ಲ ಬಂದು ನಿಂತೇಬಿಡುತ್ತದೆ ಎಂದು ನನಗೆ ಆಗ ಹೇಗೆ ಗೊತ್ತಿರಬೇಕು?

ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಮೊಬೈಲಿನಲ್ಲಿ ಪಾಠ ಶುರು ಮಾಡಿದೆ. ಅದರೊಳಗಿನ ಮೇಷ್ಟ್ರು ಹೇಳಿದ್ದಿಷ್ಟು: ಒಂದು ದೊಡ್ಡ ದೀಪ ಮುಖದ ಒಂದು ಪಕ್ಕಕ್ಕೆ. ಇನ್ನೊಂದು ಪಕ್ಕದ ನೆರಳು ತಿಳಿಯಾಗಲು ಸಣ್ಣ ಬೆಳಕು. ಮೂರನೆಯದು ಬೆನ್ನ ಹಿಂದೆ, ತಲೆಯ ಅಂಚು ಹೊಳೆದು ಆಳು ಗೋಡೆಗೆ ಅಂಟಿದಂತೆ ಕಾಣದಿರಲಿ ಎಂದು. ಇಷ್ಟು ಕಲಿತದ್ದೇ ತಡ, ಸೂರ್ಯನಾರಾಯಣನ ಕೆಲಸದಲ್ಲೂ ತಪ್ಪು ಹುಡುಕುವ ಮಟ್ಟಕ್ಕೆ ಏರಿಬಿಟ್ಟೆ. ಸಂಜೆ ಐದಕ್ಕೆ ಪರವಾಗಿಲ್ಲ, ನಡುಮಧ್ಯಾಹ್ನ ಅವನಿಗೆ ಬೆಳಕು ಹಾಕಲು ಬರುವುದಿಲ್ಲ.

ನಮ್ಮ ಯಜಮಾನರಿಗೆ ಬ್ರೂಸ್‌ಪೇಟೆಯಲ್ಲಿ ಪೈಪು, ಮೋಟಾರು, ಹೊಲದ ಲೈಟು ಮಾರುವ ಅಂಗಡಿ ಇದೆ.

"ರೀ, ಹೊಲಕ್ಕ ಹಾಕೋ ಆ ದೊಡ್ಡ ಲೈಟ್ ಒಂದು ಮನಿಗೆ ತರ್ರಿ."

"ಯಾಕ, ಅಡಗಿಮನಿಗೆ ಹಂದಿ ಬರಾಕತ್ಯಾವೇನು?"

"ನಿಮ್ಮವ್ವನ್ನ ವಿಡಿಯೋ ತಗೀಬೇಕು."

"ಹಂಗಾರ ಎರಡು ತರ್ತೀನಿ" ಎಂದರು. ಅವರವ್ವನ ವಿಷಯದಲ್ಲಿ ಅವರ ಕೈ ದೊಡ್ಡದು.

ಸೋಮವಾರ ಬೆಳಿಗ್ಗೆ ನಮ್ಮ ಪಡಸಾಲೆ ಸ್ಟುಡಿಯೋ ಆಯಿತು. ತಂದ ಎರಡರಲ್ಲಿ ಒಂದು ದೊಡ್ಡ ಲೈಟನ್ನು ಸ್ಟೂಲಿನ ಮೇಲಿಟ್ಟು, ಬೆಳಕು ಮೆತ್ತಗಾಗಲೆಂದು ಅದರ ಮುಂದೆ ಯಜಮಾನರ ಬಿಳಿ ಪಂಚೆ ಇಳಿಬಿಟ್ಟೆ. ಅದೇ ಬೆಳಕು ತಿರುಗಿ ಬಂದು ನೆರಳಿನ ಮೇಲೆ ಬೀಳಲೆಂದು ಆ ಕಡೆ ಟಿವಿ ಡಬ್ಬದ ಥರ್ಮಕೋಲ್ ನಿಲ್ಲಿಸಿದೆ. ಕುರ್ಚಿಯ ಹಿಂದೆ ಅಕ್ಕಿ ಡಬ್ಬದ ಮೇಲೆ ಮಕ್ಕಳ ಓದುವ ದೀಪ. ಹೊರಗಿನ ಬೆಳಕು ಬರಬಾರದೆಂದು ಕಿಟಕಿ ಬಂದ್, ಪಂಚೆ ಹಾರಾಡಬಾರದೆಂದು ಫ್ಯಾನ್ ಬಂದ್. ಬಳ್ಳಾರಿ, ಏಪ್ರಿಲ್ ತಿಂಗಳು, ಫ್ಯಾನ್ ಬಂದ್!

ಗೋಡೆಯ ಮೇಲೆ ತೀರಿಹೋದ ಮಾವನವರ ಫೋಟೋ ಇತ್ತು. ಅದರ ಗಾಜಿನಲ್ಲಿ ಲೈಟು ಪಳಕ್ಕೆಂದು ಹೊಳೆಯುತ್ತಿತ್ತು. ಗಾಜಿನ ಸಾಮಾನು ಹಿಂದೆ ಇರಬಾರದೆಂದು ಮೇಷ್ಟ್ರು ಮೊದಲ ಪಾಠದಲ್ಲೇ ಹೇಳಿದ್ದರು. ಮಾವನವರನ್ನು ಮೆಲ್ಲಗೆ ಇಳಿಸಿ ಬೀರುವಿನ ಮೇಲೆ ಕೂರಿಸಿದೆ. ಅವರ ಗಂಧದ ಹಾರ ಮಾತ್ರ ಮೊಳೆಯಲ್ಲೇ ಉಳಿಯಿತು. ಹಿಂದೆ ಒಂದಿಷ್ಟು ಅಲಂಕಾರವಿರಲಿ ಎಂದುಕೊಂಡೆ.

ಅತ್ತೆ ವಿಭೂತಿ ಹಚ್ಚಿಕೊಂಡು ಬಂದು ಕೂತರು. "ಅಲುಗಾಡಬ್ಯಾಡ್ರಿ ಅತ್ತಿ, ಕಣ್ಣೂ ಮಿಟುಕಿಸಬ್ಯಾಡ್ರಿ" ಎಂದೆ. ಬೆವರು ಗಲ್ಲದ ಮೇಲೆ ಇಳಿಯಿತು.

"ನನ್ನ ಮಾರಿ ತಗೀತಿಯೋ, ಹಪ್ಪಳ ಸುಡ್ತಿಯೋ?"

"ಮಾತೂ ಆಡಬ್ಯಾಡ್ರಿ."

ವಿಡಿಯೋ ನೋಡಿ ನನಗೇ ಮೈ ಜುಮ್ಮೆಂದಿತು. ಸುತ್ತ ಕತ್ತಲು, ನಡುವೆ ಶಾಂತವಾದ ಮುಖ, ಬಿಳಿ ಕೂದಲ ಸುತ್ತ ಬಂಗಾರದ ಪ್ರಭೆ, ಅದರ ಎರಡೂ ಕಡೆ ಗಂಧದ ಹಾರ. ಆ್ಯಪಿನಲ್ಲಿ ಸಿಕ್ಕ ಕೊಳಲಿನ ನಾದ ಸೇರಿಸಿ, "ನಮ್ಮ ಅತ್ತೆಯವರು. ನಮ್ಮ ಮನೆಯ ಬೆಳಕು" ಎಂದು ಬರೆದು ನೆಂಟರ ಗ್ರೂಪಿಗೆ ಬಿಟ್ಟೆ. ಶೂಟಿಂಗಿಗೆಂದು ಸೈಲೆಂಟ್ ಮಾಡಿದ್ದ ಮೊಬೈಲನ್ನು ಹಾಗೇ ಚಾರ್ಜಿಗೆ ಹಾಕಿದೆ. ಅತ್ತೆ ವಿಡಿಯೋ ನೋಡಲೂ ನಿಲ್ಲಲಿಲ್ಲ. "ಗಿರಣ್ಯಾಗ ಪಾಳಿ ತಪ್ತೈತಿ" ಎಂದು ಒಣಮೆಣಸಿನಕಾಯಿ ಡಬ್ಬಿ ಹೊತ್ತು ನಡೆದರು. ವರ್ಷದ ಖಾರ ಬೀಸಿಸುವ ಕಾಲ, ಗಿರಣಿಯ ಮುಂದೆ ಬೀದಿಯುದ್ದ ಡಬ್ಬಿಗಳಿರುತ್ತವೆ. ನಾನು ಚಾಪೆ ಹಾಸಿ, ಕಲಾವಿದರಿಗೆ ಸಲ್ಲುವ ಗಾಢ ನಿದ್ದೆಗೆ ಜಾರಿದೆ.

ಎಬ್ಬಿಸಿದ್ದು ಪಕ್ಕದ ಮನೆ ಪಾರಮ್ಮ. ಆಕೆಯ ಮೊಮ್ಮಗಳ ಮೊಬೈಲಿಗೂ ವಿಡಿಯೋ ತಲುಪಿತ್ತು. ತಲೆ ಮೇಲೆ ಸೆರಗು, ಕಣ್ಣಲ್ಲಿ ನೀರು.

"ಅಯ್ಯೋ ದೇವುಡಾ! ಯಾವಾಗಾತವ್ವ ಇದು?"

"ಬೆಳಿಗ್ಗಿ ನಾಷ್ಟಾ ಆದಮ್ಯಾಲ."

"ಸಂಕಟ ಪಟ್ರೇನು?"

"ಒಂದೀಟು ಬೆವೆತ್ರು. ಅಲುಗಾಡಬ್ಯಾಡ್ರಿ ಅಂದೆ, ಹಂಗಾ ಕುಂತ್ರು."

ಪಾರಮ್ಮ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಅಷ್ಟರಲ್ಲಿ ಯಜಮಾನರ ಬೈಕು ಗೇಟಿಗೆ ಗುದ್ದಿ ನಿಂತಿತು. ಅವರು ಅಳುತ್ತಲೇ ಒಳಗೆ ಬಂದರು.

"ನಂಗ ಒಂದು ಮಾತು ಹೇಳದಾ ಗ್ರೂಪಿಗೆ ಹಾಕಿಯಲ್ಲಲೇ! ನಮ್ಮವ್ವ ಹೋಗಿದ್ದು ನಂಗ ಗಿರಾಕಿ ಹೇಳ್ಬೇಕಾ?"

"ಎಲ್ಲಿಗೆ ಹೋಗ್ಯಾರ್ರಿ? ಗಿರಣಿಗೆ ಹೋಗ್ಯಾರ!"

ಮೊಬೈಲು ತೆಗೆದು ನೋಡಿದರೆ ಗ್ರೂಪಿನ ತುಂಬ "ಓಂ ಶಾಂತಿ", "ಲಿಂಗೈಕ್ಯರಾದ ಮಾತೋಶ್ರೀ", ಕೈಮುಗಿದ ಚಿತ್ರಗಳು. ನನ್ನ ಕಲಾಕೃತಿಯನ್ನು ಆಗ ಹೊಸ ಕಣ್ಣಿನಿಂದ ನೋಡಿದೆ. ಪ್ರಭೆ, ಹಾರ, ಕೊಳಲು, ಮಿಟುಕದ ಕಣ್ಣು. ನಮ್ಮ ಊರಿನ ಸರ್ಕಲ್ಲುಗಳಲ್ಲಿ ಹಾಕುವ ಶ್ರದ್ಧಾಂಜಲಿ ಫ್ಲೆಕ್ಸಿಗೂ ಅದಕ್ಕೂ ಇದ್ದ ವ್ಯತ್ಯಾಸ ದಿನಾಂಕ ಮಾತ್ರ! "ಅತ್ತೆ ಆರಾಮ ಇದ್ದಾರೆ" ಎಂದು ಬರೆದೆ. "ಹೌದು, ಅವರಿಗೆ ಇನ್ನು ಆರಾಮ" ಎಂದು ಉತ್ತರ ಬಂತು.

ಅತ್ತೆಯ ಬಳಿ ಮೊಬೈಲಿಲ್ಲ, ಯಜಮಾನರು ಅವ್ವನನ್ನು ಕರೆತರಲು ಗಿರಣಿಗೆ ಓಡಿದರು. ಅವರು ಆ ಕಡೆ ಹೋದರು, ಈ ಕಡೆ ನೆಂಟರು ಬರತೊಡಗಿದರು. ಕುರುಗೋಡಿನಿಂದ ಅತ್ತೆಯ ತಂಗಿ ಸಾವಂತ್ರಮ್ಮ ಬಸ್ಸಿಳಿದು ಓಣಿಯ ತಿರುವಿನಿಂದಲೇ ಅಳುತ್ತ ಬಂದರು. ಅವರ ಹಿಂದೆಯೇ ಹಚ್ಚೊಳ್ಳಿಯಿಂದ ಅತ್ತೆಯ ತಮ್ಮ ಗಾದೆಪ್ಪ. ಸಿರುಗುಪ್ಪದವರೆಗೆ ಟ್ರ್ಯಾಕ್ಟರು, ಅಲ್ಲಿಂದ ಕ್ರೂಸರ್ ಗಾಡಿ, ಗಾಡಿ ತುಂಬ ಜನ, ಕೈಯಲ್ಲಿ ಆಳುದ್ದದ ಹೂವಿನ ಹಾರ.

"ಎಲ್ಲಿ ಮಲಗ್ಸೀರವ್ವಾ ನಮ್ಮಕ್ಕನ್ನ?"

"ಅತ್ತಿ ಖಾರ ಬೀಸ್ಸಾಕ ಹೋಗ್ಯಾರ್ರಿ, ಮಾವಾರ."

ಗಾದೆಪ್ಪ ನನ್ನ ತಲೆ ಸವರಿ, "ಪಾಪ, ಸೊಸಿಗೆ ತಲಿ ಕೆಟ್ಟೈತಿ. ನೀರು ಕುಡಸ್ರಿ" ಎಂದು ಪಡಸಾಲೆಯಲ್ಲಿ ಕುಸಿದು ಕೂತರು. ನಾನು ಎಷ್ಟೆಷ್ಟು ನಿಜ ಹೇಳಿದೆನೋ ಅಷ್ಟಷ್ಟು ನೀರು ಕುಡಿಸಿದರು.

ಯಜಮಾನರು ಒಬ್ಬರೇ ಹಿಂದಿರುಗಿದರು. ಮುಖ ಬಿಳಿಚಿತ್ತು.

"ಗಿರಣ್ಯಾಗ ಕರೆಂಟಿಲ್ಲ, ಸುನಂದಾ. ಅವ್ವಾನೂ ಇಲ್ಲ. ಆಜೂಬಾಜೂ ಎಲ್ಲಾ ಕೇಳ್ದೆ."

ಈ ಬಿಸಿಲು, ಆ ವಯಸ್ಸು, ಬೆಳಿಗ್ಗೆ ನಾನೇ ಲೈಟಿನ ಮುಂದೆ ಕೂರಿಸಿ ಬೇಯಿಸಿದ್ದು. ಎಲ್ಲಾದರೂ ತಲೆಸುತ್ತಿ ಬಿದ್ದಿದ್ದರೆ? ಇಷ್ಟು ಜನ ಅಳುತ್ತಿರುವುದು ಸುಳ್ಳೇ ಆಗಲಿ ಎಂದು ದೇವರಿಗೆ ಕೈಮುಗಿದೆ. ಒಳ್ಳೆಯ ಮಾತು ಹಾಳಾಗಿ ಹೋಗಲಿ, ನಮ್ಮತ್ತೆ ಬಾಗಿಲಲ್ಲಿ ನಿಂತು ನನ್ನನ್ನು ಬೈದರೆ ಸಾಕಿತ್ತು. ಯಜಮಾನರು ಬೈಕಿನ ಕೀಲಿ ಹುಡುಕುತ್ತ ಒಳಕೋಣೆಗೆ ಹೋದರು.

ಅದೇ ಹೊತ್ತಿಗೆ ನಮ್ಮತ್ತೆ ಬಾಗಿಲಲ್ಲಿ ನಿಂತರು. ಕರೆಂಟು ಹೋಯಿತೆಂದು ದೂರದ ಇನ್ನೊಂದು ಗಿರಣಿಗೆ ಹೋಗಿದ್ದರಂತೆ. ಕಂಕುಳಲ್ಲಿ ಡಬ್ಬಿ, ಖಾರದ ಘಾಟಿಗೆ ಕೆಂಪಾದ ಕಣ್ಣು, ಧಾರಾಕಾರ ನೀರು. ನಾನು "ಅತ್ತೀ" ಎಂದು ಕೂಗಿದ್ದು ಆ ಗೋಳಿನಲ್ಲಿ ಯಾರಿಗೂ ಕೇಳಲಿಲ್ಲ, ಕೂತವರನ್ನು ದಾಟಿಕೊಂಡು ಅವರತ್ತ ನುಗ್ಗತೊಡಗಿದೆ. ಉಳಿದವರೆಲ್ಲ ಮುಖಕ್ಕೆ ಸೆರಗು, ಟವೆಲ್ಲು ಒತ್ತಿಕೊಂಡು ಅಳುತ್ತಿದ್ದರು.

ಅಳುವ ಮನೆಗೆ ಬಂದವರು ಮೊದಲು ಕೂತು ಅಳಬೇಕು, ಹೋದವರು ಯಾರೆಂದು ಆಮೇಲೆ ಕೇಳಬೇಕು. ಇದು ನಮ್ಮ ಕಡೆಯ ಮರ್ಯಾದೆ. ಮರ್ಯಾದೆಯಲ್ಲಿ ನಮ್ಮತ್ತೆ ಎಂದೂ ಹಿಂದೆ ಬಿದ್ದವರಲ್ಲ. ಡಬ್ಬಿ ಇಳಿಸಿ, ಗಾದೆಪ್ಪನ ಪಕ್ಕದಲ್ಲೇ ಕೂತು, ಹಣೆ ಬಡಿದುಕೊಂಡು ದನಿ ತೆಗೆದರು.

"ನಮ್ಮನ್ನ ಬಿಟ್ಟು ಹೋದ್ಯಾ ನನ್ನೊಡಿಯಾ! ಇನ್ನ ಯಾರ ಮಾರಿ ನೋಡ್ಲೋ!"

"ಸಮಾಧಾನ ಮಾಡ್ಕಳವ್ವಾ" ಎಂದರು ಗಾದೆಪ್ಪ, ಟವೆಲ್ಲಿನೊಳಗಿಂದಲೇ.

ಇನ್ನೊಂದು ಸುತ್ತು ಅತ್ತಮೇಲೆ ಅತ್ತೆ ಮೊಣಕೈಯಿಂದ ತಿವಿದು ಮೆಲ್ಲಗೆ ಕೇಳಿದರು. "ಯಾರು ಹೋದ್ರೋ ತಮ್ಮಾ?"

"ನಮ್ಮಕ್ಕ ಹೋದ್ಲವ್ವಾ. ಸುವರ್ಣಮ್ಮ."

ಶುರುಮಾಡಿದ ಅಳು ಒಮ್ಮೆಲೇ ನಿಲ್ಲುವುದಿಲ್ಲ ನೋಡಿ. ಅತ್ತೆ "ಅಯ್ಯೋ ಸುವರ್ಣಮ್ಮಾ" ಎಂದು ಇನ್ನೆರಡು ಸಲ ಅತ್ತರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಯಾವ ಸುವರ್ಣಮ್ಮ?"

ಗಾದೆಪ್ಪ ಟವೆಲ್ಲು ಸರಿಸಿ ಪಕ್ಕಕ್ಕೆ ನೋಡಿದರು. ಮುಂದಿನದನ್ನು ನಾನು ಸರಿಯಾಗಿ ನೋಡಲಿಲ್ಲ, ಏಕೆಂದರೆ ಅಷ್ಟರಲ್ಲಿ ಅತ್ತೆಯನ್ನು ತಬ್ಬಿಕೊಂಡು ಗೊಳೋ ಎಂದು ಅಳುತ್ತಿದ್ದೆ. "ಬಿಡಲೇ, ಖಾರ ಚೆಲ್ತೈತಿ" ಎಂದರು. ಅಷ್ಟು ಹಿತವಾದ ಮಾತನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಗಾದೆಪ್ಪ ಅಕ್ಕನ ಕೈ ಹಿಡಿದು ಮತ್ತೆ ಮತ್ತೆ ಮುಟ್ಟಿ ನೋಡಿದರು, ಯಜಮಾನರು ಓಡಿಬಂದು ಅಲ್ಲೇ ನೆಲಕ್ಕೆ ಕೂತು ನಕ್ಕರು, ಪಾರಮ್ಮ ಓಡಿಹೋಗಿ ಸಕ್ಕರೆ ತಂದು ಎಲ್ಲರ ಬಾಯಿಗೆ ಹಾಕಿದಳು. ತಂದ ಹಾರವನ್ನು ಏನು ಮಾಡುವುದು? ಮಾವನವರನ್ನು ಬೀರುವಿನಿಂದ ಇಳಿಸಿ ಗೋಡೆಗೇರಿಸಿ ಅವರಿಗೇ ಹಾಕಿದೆವು.

ಬಂದವರಿಗೆಲ್ಲ ನಾನೇ ಅನ್ನ ಸಾರು ಮಾಡಿ ಬಡಿಸಿದೆ. ಊಟ ಆದಮೇಲೆ ಅತ್ತೆ ಗೋಡೆಗೊರಗಿ ಗ್ರೂಪಿನ ಸಂದೇಶಗಳನ್ನೆಲ್ಲ ಮಗನಿಂದ ಓದಿಸಿಕೊಂಡರು.

"ಈ ನಮ್ಮ ಬೀಗ ಪಕ್ಕೀರಪ್ಪ ನಂದು ದೊಡ್ಡ ಮನಸು ಅಂತ ಬರದಾನ. ನಾ ಇದ್ದಾಗ ಒಂದಿನಾನೂ ಹೇಳಲಿಲ್ಲ."

ಕೊನೆಗೆ ವಿಡಿಯೋ ಹಾಕಿಸಿಕೊಂಡು ಎರಡು ಸಲ ನೋಡಿದರು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ.

"ಚಲೋ ಬಂದೀನಿ" ಎಂದರು. "ಅಳಿಸಬ್ಯಾಡ ಇದನ್ನ. ಮುಂದ ಬೇಕಾಗ್ತೈತಿ."

ಚಲೋ ಬಂದದ್ದು ಅವರೇ, ತೆಗೆದವಳಲ್ಲ. ಇರಲಿ, ಅವರು ಕೂತು ಹೇಳುತ್ತಿದ್ದಾರಲ್ಲ, ಅಷ್ಟೇ ಸಾಕೆಂದು ಅಡುಗೆಮನೆಗೆ ಬಂದೆ. ಹಿಂದೆಯೇ ಸಾವಂತ್ರಮ್ಮ ಬಂದು ಕಿವಿಯ ಹತ್ತಿರ ಬಾಗಿದರು.

"ಸುನಂದಾ, ನಂದೂ ಒಂದು ಹಂಗಾ ತಗದು ಇಟ್ಬಿಡವ್ವ. ಹಾರಾನೂ ಇರ್ಲಿ. ನಮ್ಮ ಹುಡುಗ್ರನ್ನ ನಂಬಾಕಾಗಲ್ಲ, ಪಾಸ್‌ಬುಕ್ಕಿನ ಫೋಟೋನಾ ದೊಡ್ಡದು ಮಾಡಿ ಫ್ಲೆಕ್ಸಿಗೆ ಹಾಕಿಬಿಡ್ತಾರ."

ನನ್ನ ವಿದ್ಯೆಗೆ ದಕ್ಕಿದ ಮೊದಲ ಗಿರಾಕಿ! ಒಪ್ಪಲೋ ಬಿಡಲೋ ಎಂದು ನಿಂತಿರುವಾಗ ಪಡಸಾಲೆಯಿಂದ ಅತ್ತೆಯ ದನಿ ಬಂತು.

"ತಗೀಲೇ ಸುನಂದಾ, ಪಾಪ. ಆದ್ರ ಅಕಿ ಬೆನ್ನ ಹಿಂದ ನಂದಕಿಂತ ಸಣ್ಣ ದೀಪ ಇಡು. ದೊಡ್ಡಾಕಿ ನಾನು."