ಸಪ್ಪಳವಿಲ್ಲದ ಮನೆ

ಅವತ್ತು ನಸುಕಿನಲ್ಲಿ ರೋಶನಬಿಯ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರಲಿಲ್ಲ. ಗೋಣೆಪ್ಪನ ಮಾನ ಬೀದಿಗೆ ಬೀಳಲು ಇಷ್ಟೇ ಕಾರಣ ನೋಡಿ.

ಬೆಟಗೇರಿಯ ಆ ನೇಕಾರರ ಓಣಿಯಲ್ಲಿ ಬೆಳಗಾಗುತ್ತಿದ್ದುದು ಕೋಳಿ ಕೂಗಿ ಅಲ್ಲ. ಮಗ್ಗಗಳ ಲಟಪಟ, ಹೆಂಗಸರು ರೊಟ್ಟಿ ಬಡಿಯುವ ಪಟಪಟ, ಎರಡೂ ಕೂಡಿದರೇ ಬೆಳಕು. ಎಂಬತ್ತರ ಆಚೀಚಿನ ಆ ವರ್ಷ ನೂಲು ಸಿಗದೆ ಮಗ್ಗಗಳು ಬಾಯಿ ಮುಚ್ಚಿದವು. ಉಳಿದದ್ದು ರೊಟ್ಟಿಯ ಸಪ್ಪಳ. ಅದೂ ಒಂದೊಂದೇ ಮನೆಯಲ್ಲಿ ನಿಲ್ಲುತ್ತ ಬಂದಾಗ ನೇಕಾರ ಗೋಣೆಪ್ಪ ಮತ್ತು ಅವನ ಗೆಳೆಯ, ನೂಲಿಗೆ ಬಣ್ಣ ಹಾಕುವ ಕರೀಮಸಾಬ ಕೂಡಿ ಹಿಡಿಹಿಟ್ಟಿನ ಸಂಘ ಕಟ್ಟಿದರು. ಸಂಘ ಅಂದರೆ ಬೋರ್ಡಿಲ್ಲ, ಅಧ್ಯಕ್ಷರಿಲ್ಲ, ಹಾರ ತುರಾಯಿ ಇಲ್ಲ. ರೊಟ್ಟಿ ಮಾಡುವ ಮನೆಯವರು ಹಿಟ್ಟು ನಾದುವ ಮುಂಚೆ ಒಂದು ಹಿಡಿ ತೆಗೆದಿಡಬೇಕು. ಇವರಿಬ್ಬರೂ ಅದನ್ನು ಚೀಲಕ್ಕೆ ಕೂಡಿಸಿಕೊಂಡು, ಹಿಟ್ಟಿಲ್ಲದ ಮನೆಗೆ ಯಾರಿಗೂ ತಿಳಿಯದ ಹಾಗೆ ಮುಟ್ಟಿಸಬೇಕು.

ಆದರೆ ಹಿಟ್ಟಿಲ್ಲದ ಮನೆ ಯಾವುದೆಂದು ಹೇಳುವವರು ಯಾರು? ಆ ಓಣಿಯ ಜನ ಹಸಿದು ಸತ್ತಾರು, ಹಸಿವೆ ಎಂದು ಬಾಯಿ ಬಿಟ್ಟಾರೆಯೇ? "ಊಟ ಆತೇನ್ರಿ?" ಅಂದರೆ "ಈಗ ಕೈ ತೊಳಕೊಂಡೆ ನೋಡ್ರಿ" ಎಂದು ಒಣ ಕೈಯನ್ನೇ ಜಾಡಿಸಿ ತೋರಿಸುವವರು. ದೀಪಾವಳಿಯ ಮುಂದೆ ತುದಿಮನೆಯ ಮುದುಕ ಉಡಚಪ್ಪ "ಇವತ್ತ ಊಟ ಜರಾ ಹೆಚ್ಚಾತು" ಎಂದು ಹೊಟ್ಟೆ ಸವರಿಕೊಂಡು ಮಲಗಿದವನು ಏಳಲೇ ಇಲ್ಲ. ಮಣ್ಣು ಮಾಡಿ ಬಂದವರು ಅವನ ಹಿಟ್ಟಿನ ಡಬ್ಬಿ ತೆಗೆದು ನೋಡಿದರೆ ಒಳಗೆ ಜೇಡ ಸಂಸಾರ ಹೂಡಿತ್ತು.

ಅಂದಿನಿಂದ ಗೋಣೆಪ್ಪ ಬಾಯಿಮಾತು ನಂಬುವುದನ್ನು ಬಿಟ್ಟು ಕಿವಿಯನ್ನು ನಂಬಿದ. ನಸುಕಿನಲ್ಲಿ ಎದ್ದು ತಂಬಿಗೆ ಹಿಡಿದು ಬಯಲಿಗೆ ಹೊರಟವನಂತೆ ಓಣಿ ತುಂಬ ತಿರುಗುತ್ತಿದ್ದ. ಯಾವ ಮನೆಯಲ್ಲಿ ಸಪ್ಪಳವಿಲ್ಲವೋ ಆ ಮನೆಗೆ ಚೀಲ. ಈ ಗುಟ್ಟು ಅವನಿಗೂ ಕರೀಮಸಾಬನಿಗೂ ಬಿಟ್ಟರೆ ದೇವರಿಗೆ ಮಾತ್ರ ಗೊತ್ತಿತ್ತು.

"ರೋಶನಬಿ ಮನಿ ತಣ್ಣಗ ಐತೋ ಕರೀಮ" ಎಂದ ಗೋಣೆಪ್ಪ ಬಾವಿಕಟ್ಟೆಯ ಹತ್ತಿರ. ರೋಶನಬಿ ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಬದುಕುವ ವಿಧವೆ. ನೂಲೇ ಇಲ್ಲದ ಮೇಲೆ ಸುತ್ತುವುದೇನನ್ನು?

"ಯಾ ಅಲ್ಲಾ! ಜಲ್ದಿ ಮುಟ್ಟಿಸಿ ಬಾ. ಆ ಮುದುಕನ ಗತಿ ಆಗೋದು ಬ್ಯಾಡ."

ಚೀಲ ತರಲು ಗೋಣೆಪ್ಪ ಮನೆಗೆ ಓಡಿದ. ಹೆಂಡತಿ ಅಮೃತವ್ವ ಎಂದಿನಂತೆ ಬಟ್ಟಲಲ್ಲಿ ಹಿಟ್ಟು ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ಸಂಘಕ್ಕೆ ಮೊದಲ ಹಿಡಿ ನಮ್ಮ ಮನೆಯದೇ ಆಗಬೇಕು ಎಂಬುದು ಗೋಣೆಪ್ಪನ ಹಟ. ಅವನ ಹಿಡಿಯೋ, ಎರಡು ಹೆಂಗಸರ ಹಿಡಿಗೆ ಸಮ. ಇತ್ತೀಚೆಗೆ ಆಕೆ ಅವನನ್ನು ಅಡಿಗೆಮನೆಗೆ ಬಿಡದೆ ಹೊಸ್ತಿಲಿಗೇ ತಂದು ಕೊಡುತ್ತಿದ್ದಳು. ಮಧ್ಯಾಹ್ನ ಅವನಿಗೆ ರೊಟ್ಟಿ ಬಡಿಸಿ, ತಾನು "ನಂದಾಗ್ಲೇ ಆತ್ರಿ" ಎಂದು ಆಚೆ ಸರಿಯುತ್ತಿದ್ದಳು. ಊರ ಮನೆಗಳಿಗೆಲ್ಲ ಕಿವಿ ಕೊಡುವ ಈ ಗಂಡಸು ಅದಕ್ಕೆ ಮಾತ್ರ ಕಿವಿ ಕೊಟ್ಟಿರಲಿಲ್ಲ. ಅವತ್ತೂ ಹಿಟ್ಟು ಸುರುವಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಹೊರಬಿದ್ದ.

ಎದುರಿಗೆ ಶಂಕ್ರೆವ್ವ. ಓಣಿಯಲ್ಲಿ ಯಾರ ಮನೆಯ ಬೆಕ್ಕು ಯಾರ ಮನೆಯ ಹಾಲು ಕುಡಿಯಿತು ಎಂಬುದು ಬೆಕ್ಕಿಗಿಂತ ಮೊದಲು ಶಂಕ್ರೆವ್ವನಿಗೆ ಗೊತ್ತಾಗುತ್ತಿತ್ತು.

"ಎಲ್ಲಿಗಿ ಗೋಣೆಪ್ಪಣ್ಣ, ಚೀಲಾ ಹೊತಗೊಂಡು? ಹಿಟ್ಟ ಇದ್ದಂಗ ಐತಿ?"

ರೋಶನಬಿಯ ಹೆಸರು ಬಾಯಿ ತುದಿಗೆ ಬಂತು. ಹೇಳಿದರೆ ಹೊತ್ತು ಏರುವುದರೊಳಗೆ ಗದಗಿನ ಸ್ಟೇಷನ್ನಿನ ತನಕ ಸುದ್ದಿ. ಆಮೇಲೆ ಆ ಹೆಣ್ಣುಮಗಳು ಹಿಟ್ಟು ಮುಟ್ಟುವುದಂತಿರಲಿ, ಬಾಗಿಲು ಸಹ ತೆಗೆಯಲಾರಳು. ಗಡಿಬಿಡಿಯಲ್ಲಿ ಗೋಣೆಪ್ಪ ನೇಕಾರರ ಬಾಯಿಗೆ ಸಲೀಸಾಗಿ ಬರುವ ಸುಳ್ಳನ್ನೇ ಹೇಳಿದ.

"ಇದಾ? ಗಂಜಿಗಿ ಒಯ್ಯಾಕ ಹತ್ತೇನಿ ಬೇ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ನೇಕಾರ ಹಿಟ್ಟಿನ ಗಂಜಿ ಕಾಸುವುದು ನೂಲಿಗೆ ಹಚ್ಚಲಿಕ್ಕೆ. ಗಂಜಿ ಬೇಕೆಂದರೆ ನೂಲು ಬಂದಿರಬೇಕು!

ಶಂಕ್ರೆವ್ವನ ಕಣ್ಣು ಅಗಲವಾದವು. "ನೂಲ ಬಂದೈತೇನು? ಏ ಹೇಮಪ್ಪಣ್ಣಾ! ಗೋಣೆಪ್ಪಗ ನೂಲ ಬಂದೈತಂತ! ಗಂಜಿ ಕಾಸಾಕ ಹೊಂಟಾನ!"

ಅಷ್ಟು ಸಾಕಾಯಿತು. ತಿಂಗಳುಗಟ್ಟಲೆ ಹೊರಗೆ ಮುಖ ತೋರಿಸದಿದ್ದ ಗಂಡಸರು ಮಗ್ಗದ ಕುಣಿಯಿಂದ ಎದ್ದು ಬಂದರು. ಒಬ್ಬ ಲಾಳಿ ಹಿಡಿದೇ ಬಂದ. ಜ್ವರದಲ್ಲಿ ಮಲಗಿದ್ದ ನಬಿಸಾಬ ಕಂಬಳಿ ಹೊದ್ದುಕೊಂಡೇ ಬಂದು, "ನನಗೊಂದು ಕಟ್ಟ ಕೊಡೋ ಗೋಣ್ಯಾ, ನಿನ್ನ ಕಾಲ ಬೀಳ್ತೇನಿ" ಎಂದು ಕೈ ಹಿಡಿದುಕೊಂಡ. ಆ ಕೈ ಸುಡುತ್ತಿತ್ತು. ಗೋಣೆಪ್ಪನಿಗೆ ನಿಂತ ನೆಲವೇ ನುಂಗಿದರೆ ಚಲೋ ಅನ್ನಿಸಿತು.

"ನೂಲ ಇಲ್ರಪಾ. ಖರೇನ ಇಲ್ಲ."

"ಇಲ್ಲಂದ್ರ ಗಂಜಿ ಯಾಕ?" ಓಣಿಯ ಹಿರಿಯ ಹೇಮಪ್ಪ ಮುಂದೆ ಬಂದ. ಪಂಚಾಯ್ತಿ ಮಾಡುವುದೆಂದರೆ ಅವನಿಗೆ ಹಬ್ಬ. "ಒಬ್ಬನ ಮುಚ್ಚಿಟ್ಟು ನೇಯಬೇಕಂತ ಮಾಡೀಯೇನಲೇ? ಚೀಲಾ ಬಿಚ್ಚು!"

ಚೀಲ ಬಿಚ್ಚಿದರು. ಒಂದು ಹಿಡಿ ಬೆಳ್ಳಗೆ, ಒಂದು ಹಿಡಿ ಕೆಂಪಗೆ, ಒಂದು ಸಣ್ಣಗೆ, ಒಂದು ದಪ್ಪಗೆ. ಬಗೆಬಗೆಯ ಜೋಳದ ಹಿಟ್ಟು. ತಮ್ಮ ತಮ್ಮ ಹಿಟ್ಟಿನ ಗುರುತು ಹೆಂಗಸರಿಗೆ ಕೂಡಲೇ ಸಿಕ್ಕಿತು.

"ಅಯ್ಯ ಶಿವನೇ, ಇದು ಸಂಘದ ಹಿಟ್ಟು! ನಾವು ಬಾಯಿ ಕಟ್ಟಿ ಕೊಟ್ಟದ್ದನ್ನ ಗಂಜಿ ಕಾಸಾಕ ಒಯ್ಯತಾನಲ್ಲ!" ಶಂಕ್ರೆವ್ವ ಎದೆ ಬಡಿದುಕೊಂಡಳು.

"ಗಂಜಿಗಲ್ಲವ್ವಾ!"

"ಹಂಗಾರ ಯಾರ ಮನಿಗಿ? ಹೆಸರ ಹೇಳು" ಎಂದ ಹೇಮಪ್ಪ.

ಗೋಣೆಪ್ಪ ಸುತ್ತ ನೋಡಿದ. ಗುಂಪಿನ ಹಿಂದೆ ರೋಶನಬಿಯೂ ಸೆರಗು ಹೊದ್ದು ನಿಂತಿದ್ದಳು. ಕರೀಮಸಾಬ ಕಣ್ಣಲ್ಲೇ 'ಬ್ಯಾಡ' ಎಂದ. ಗೋಣೆಪ್ಪನಿಗೆ ಜೇಡದ ಬಲೆಯ ಡಬ್ಬಿ ನೆನಪಾಯಿತು. ಹೆಸರು ಹೇಳಿದರೆ ಅವಳ ಮಾನ ಹೋಗುತ್ತದೆ, ಹೇಳದಿದ್ದರೆ ತನ್ನದು. ತನ್ನದೇ ಹೋಗಲಿ ಎಂದುಕೊಂಡ, ಪುಣ್ಯಾತ್ಮ.

"ನಮ್ಮ ಮನಿಗೇರಿ. ನಮ್ಮ ಮನ್ಯಾಗ ಹಿಟ್ಟಿಲ್ಲ."

ಓಣಿ ಗಪ್ ಆಯಿತು. ಆ ಗಪ್ಪಿನಲ್ಲಿ, ಬೇಕೆಂದೇ ಮಾಡಿದ ಹಾಗೆ, ಗೋಣೆಪ್ಪನ ಮನೆಯಿಂದ ಕೇಳಿಬಂತು: ಪಟ ಪಟ ಪಟ ಪಟ.

ಮೊದಲು ನಕ್ಕವನು ಹೇಮಪ್ಪ. "ಕೇಳಿದ್ರೇನು? ಹಿಟ್ಟಿಲ್ಲದ ಮನ್ಯಾಗ ಏನ್ ಜೋರ್ ರೊಟ್ಟಿ ಬಡ್ಯಾಕ ಹತ್ಯಾಳ ಅಮೃತವ್ವ! ಓಣ್ಯಾಗ ಯಾರ ಮನಿ ಸಪ್ಪಳನೂ ಇಷ್ಟ ಗಟ್ಟಿ ಇಲ್ಲ. ಸಂಘ ಮಾಡ್ಯಾನಂತ ಸಂಘ! ನಮ್ಮ ಹಿಟ್ಟ ತಿಂದು ಕೊಬ್ಬ್ಯಾನ."

"ಉಡಚಪ್ಪ ಮುತ್ಯಾನ ಕೊಂದದ್ದೂ ಇವನ" ಎಂದು ಯಾರೋ ಕೂಗಿದರು.

ಅದು ಮಾತ್ರ ಗೋಣೆಪ್ಪನಿಗೆ ತಡೆಯಲಾಗಲಿಲ್ಲ. "ಹಂಗ ಅನಬ್ಯಾಡ್ರೋ! ಆ ಮುತ್ಯಾ ಸತ್ತ ಮ್ಯಾಲ ನಾ ನಿದ್ದಿ ಮಾಡಿಲ್ಲ. ದಿನಾ ನಸುಕಿನ್ಯಾಗ ನಿಮ್ಮ ಬಾಗಲಾ ಬಾಗಲಾ ತಿರಗತೇನಿ. ಯಾರ ಮನ್ಯಾಗ ರೊಟ್ಟಿ ಸಪ್ಪಳ ಇಲ್ಲೋ ಆ ಮನಿಗಿ ಒಯ್ದ ಕೊಡತೇನಿ. ಹಸದ ಮನಿ ನನಗ ಗೊತ್ತಾಗೋದು ಹಂಗ!"

ಗುಟ್ಟು ಬಯಲಾಯಿತೆಂದು ಕರೀಮಸಾಬ ಹಣೆ ಬಡಿದುಕೊಂಡ. ಗುಂಪಿನಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ನೆಲ ನೋಡಿದರು.

ಹೇಮಪ್ಪ ಮಾತ್ರ ಬಿಡುವ ಆಸಾಮಿಯಲ್ಲ. "ಸಪ್ಪಳ ಇದ್ದ ಮನಿಗಿ ಚೀಲಾ ಯಾಕ ಹೊಂಟಿತ್ತು ಹಂಗಾರ? ನಡೀರಿ, ಕಳ್ಳನ ಬುಟ್ಯಾಗಿನ ರೊಟ್ಟಿ ಎಣಿಸೂಣು!"

ಜನ ಗೋಣೆಪ್ಪನನ್ನು ರಟ್ಟೆ ಹಿಡಿದು ಎಳೆದುಕೊಂಡೇ ನಡೆದರು. ಹೊಸ್ತಿಲು ದಾಟಿ, ನಿಂತ ಮಗ್ಗದ ಪಕ್ಕ ಹಾಯ್ದು, ಹೇಮಪ್ಪ ಅಡಿಗೆಮನೆಯ ಬಾಗಿಲು ತಳ್ಳಿದ.

ಒಲೆ ಉರಿಯುತ್ತಿತ್ತು. ಅದರ ಮೇಲೆ ಬರಿಯ ಹಂಚು ಕಾದು ಕೆಂಪಾಗಿತ್ತು. ಅಮೃತವ್ವ ಹಲಗೆಯ ಮುಂದೆ ಕೂತು ಬಾಗಿಲಿಗೆ ಬೆನ್ನು ಮಾಡಿ ಬಡಿಯುತ್ತಿದ್ದಳು. ಹಲಗೆಯ ಮೇಲಿದ್ದದ್ದು ರೊಟ್ಟಿಯಲ್ಲ. ಹಳೆಯ ಸೀರೆಯ ತುಂಡನ್ನು ನೀರಲ್ಲಿ ತೋಯಿಸಿ, ಗುಂಡಗೆ ಮಡಚಿ, ಬಡಿದು ಬಡಿದು ರೊಟ್ಟಿಯ ಹಾಗೆಯೇ ತಿರುಗಿಸುತ್ತಿದ್ದಳು. ಪಕ್ಕದಲ್ಲಿ ಹಿಟ್ಟಿನ ಗಡಿಗೆ ಬೋರಲು ಬಿದ್ದಿತ್ತು.

ನೆರಳು ಬಿದ್ದದ್ದು ಕಂಡು ಆಕೆ ತಿರುಗಿದಳು. ಬಾಗಿಲ ತುಂಬ ಜನ. ಅವಸರದಲ್ಲಿ ಆ ಅರಿವೆಯನ್ನು ಸೆರಗಿನಡಿ ಮುಚ್ಚಿಕೊಂಡಳು.

"ಎಂದಿನಿಂದ?" ಎಂದ ಗೋಣೆಪ್ಪ.

"ಗಡಗಿ ಇವತ್ತ ಬರಿದಾತ್ರಿ. ಕಡೀ ಹಿಡಿ ನಿಮ್ಮ ಚೀಲಕ್ಕ ಹಾಕಿದ್ನೆಲ್ಲ." ಅಮೃತವ್ವ ತಲೆ ಎತ್ತಲಿಲ್ಲ. "ಸಪ್ಪಳ ಇಲ್ಲಂದ್ರ ಮಂದಿ ಏನಂತಾರ? ಊರಿಗಿ ಹಿಟ್ಟ ಹಂಚಾಂವನ ಮನ್ಯಾಗ..."

ಕಳ್ಳನನ್ನು ಹಿಡಿಯಲು ಬಂದವರಿಗೆ ಹೊರಗೆ ಹೋಗಲು ದಾರಿ ಸಾಲದಾಯಿತು. ಹೇಮಪ್ಪನಂತೂ ಪೇಟ ಸರಿಪಡಿಸಿಕೊಳ್ಳುವ ನೆಪದಲ್ಲಿ ಎಲ್ಲರಿಗಿಂತ ಮೊದಲು ಜಾರಿದ. ರೋಶನಬಿ ಮಾತ್ರ ಮನೆಗೆ ಓಡಿಹೋಗಿ, ಅರಿವೆಯಲ್ಲಿ ಕಟ್ಟಿದ, ಒಣಗಿಸಿದ ಕಟಕ್ ರೊಟ್ಟಿಯ ಗಂಟು ತಂದು ಅಮೃತವ್ವನ ಮುಂದೆ ಇಟ್ಟಳು.

"ಇಷ್ಟ ರೊಟ್ಟಿ ಎಲ್ಲೀವು ಬೇ ರೋಶನಬಿ?" ಗೋಣೆಪ್ಪ ಕಣ್ಣುಕಣ್ಣು ಬಿಟ್ಟ. "ನಿಮ್ಮ ಮನ್ಯಾಗ ಸಪ್ಪಳನ ಇದ್ದಿಲ್ಲ?"

"ಮುಂಡರಗಿಗಿ ತಂಗಿ ಮನಿಗಿ ಹೊಂಟೇನೋ ಭಾಯಿ. ದಾರಿಗಿ ಬೇಕಂತ ನಿನ್ನೆ ಸಂಜಿಮುಂದನ ಒಂದು ರಾಶಿ ಬಡದ ಇಟ್ಟೇನಿ. ಮುಂಜಾನಿ ಮತ್ತ ಯಾಕ ಬಡೀಲಿ?" ಎಂದವಳು ಅಮೃತವ್ವನ ಕಡೆ ತಿರುಗಿ, "ತಿನ್ನವ್ವಾ. ನನಗೊಬ್ಬಾಕಿಗೇ ತಿನ್ನಾಕ ಬ್ಯಾಸರ" ಎಂದು ರೊಟ್ಟಿ ಮುರಿದು ಬಾಯಿಗೇ ಹಿಡಿದಳು.

ಅಮೃತವ್ವ ಅತ್ತದ್ದು ಆಗಲೇ.

ಗಂಡಹೆಂಡತಿ ಆ ರೊಟ್ಟಿ ತಿಂದರು. ಆದರೆ ಹೊರಗೆ ಉಳಿದ ಚೀಲವನ್ನು ಗೋಣೆಪ್ಪ ಒಳಗೆ ತರಲು ಹೋದಾಗ ಅಮೃತವ್ವ ಹೊಸ್ತಿಲಿಗೆ ಅಡ್ಡ ನಿಂತಳು.

"ಅದು ಬ್ಯಾಡ್ರಿ. ಅದರಾಗಿನ ಒಂದ ಹಿಡಿ ನಮ್ಮ ಹೊಟ್ಟಿಗಿ ಹೋತಂದ್ರ ನಾಳಿ ಸಂಘಕ್ಕ ಯಾರ ಹಿಟ್ಟ ಹಾಕ್ಯಾರು? ನಮ್ಮಕಿಂತ ಹಸದವರು ಇರತಾರ. ಹುಡುಕಿ ಕೊಟ್ಟ ಬರ್ರಿ."

ಮರುದಿನ ನಸುಕಿನಲ್ಲಿ ಗೋಣೆಪ್ಪ ತಂಬಿಗೆಯ ನಾಟಕ ಬಿಟ್ಟು, ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಹೊರಟ. ಕರೀಮಸಾಬ ಬಾವಿಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದ.

"ಕೇಳಾಕ ಹತ್ತೇತೇನು?" ಎಂದ.

ಕೇಳುತ್ತಿತ್ತು. ಶಂಕ್ರೆವ್ವನ ಮನೆಯಲ್ಲಿ ಪಟಪಟ. ಜ್ವರದ ನಬಿಸಾಬನ ಮನೆಯಲ್ಲಿ ಪಟಪಟ. ಎಷ್ಟೋ ಸಲ ಚೀಲ ಮುಟ್ಟಿಸಿದ್ದ ಮನೆಗಳಲ್ಲೂ ಪಟಪಟ. ಹೇಮಪ್ಪನ ಮನೆಯಲ್ಲೂ, ಎಂದೂ ಇಲ್ಲದಷ್ಟು ಜೋರಾಗಿ. ಇನ್ನೂ ಮುಂಡರಗಿಗೆ ಹೊರಡದ, ಉಳಿದ ರೊಟ್ಟಿ ಕಟ್ಟಿಟ್ಟುಕೊಂಡ ರೋಶನಬಿ ಸಹ, ಮಂದಿ ತನ್ನ ಮನೆಯ ಬಗ್ಗೆ ಏನಾದರೂ ಅಂದುಕೊಂಡಾರೆಂದು ಬಡಿಯುತ್ತಿದ್ದಳು. ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುತ್ತಿದ್ದದ್ದು ಗೋಣೆಪ್ಪನ ಮನೆಯದು.

ಗೋಣೆಪ್ಪ ಚೀಲ ಹೊತ್ತು ಓಣಿಯ ಈ ತುದಿಯಿಂದ ಆ ತುದಿಗೆ ನಡೆದ, ಆ ತುದಿಯಿಂದ ಈ ತುದಿಗೆ ಬಂದ. ಒಂದೊಂದು ಬಾಗಿಲಿಗೂ ಕಿವಿ ಇಟ್ಟ. ಯಾವ ಮನೆಯಲ್ಲಿ ರೊಟ್ಟಿ, ಯಾವ ಮನೆಯಲ್ಲಿ ಅರಿವೆ ಎಂದು ಅವನಿಗೆ ತಿಳಿಯಲಿಲ್ಲ.