ಯಲ್ಲಾಪುರಕ್ಕೆ ತಿರುಗದ ರೈಲು

ಓದಿದವರಿಗೊಂದು ಚಾಳಿ ಇರುತ್ತದೆ. ಏನಾದರೂ ಕೆಟ್ಟರೆ ಅದರ ಕಾರಣವನ್ನು ತಮ್ಮಿಂದ ಆದಷ್ಟು ದೂರದಲ್ಲಿ ಹುಡುಕುತ್ತಾರೆ. ನನಗೂ ಅದಿದೆ. ನಮ್ಮ ಮನೆತನದಲ್ಲಿ ಮೊದಲು ಬಿ.ಎಸ್ಸಿ. ಮುಗಿಸಿದವಳು ನಾನು. ಯಾರೂ ಕೇಳದಿದ್ದರೂ ಇದನ್ನು ಹೇಳುತ್ತೇನೆ. ಒಂದೇ ಜೊತೆ ಚಪ್ಪಲಿಯಲ್ಲಿ ಮೂರು ವರ್ಷ ಕಾಲೇಜಿಗೆ ನಡೆದವಳಿಗೆ ಅಷ್ಟು ಹಕ್ಕಿದೆ ಎಂದುಕೊಂಡಿದ್ದೇನೆ.

ಈಗ ಶಿರಸಿಯಲ್ಲಿ ವಿಜ್ಞಾನದ ಟೀಚರು. ನಮ್ಮೂರಿಗೆ ರೈಲಿಲ್ಲ. ಕಾದು ಸಾಕಾಗಿ ನಾನೇ ಒಂದನ್ನು ತಂದೆ. ಹಿಂದಿನ ಕೋಣೆಯ ಮೇಜಿನ ಮೇಲೆ ಪ್ಲೈವುಡ್ ಹಲಗೆ, ಗೇಣುದ್ದದ ಎಂಜಿನ್, ಶಿರಸಿಯಿಂದ ಸಿದ್ದಾಪುರಕ್ಕೆ ಹಳಿ, ನಡುವೆ ಯಲ್ಲಾಪುರಕ್ಕೊಂದು ಕವಲು. ಎರಡೂ ಊರು ಒಂದೇ ದಿಕ್ಕಿಗೆ ಬಂದವೆಂದು ಸಮಾಜ ಪಾಠದ ಮೇಷ್ಟ್ರು ನಕ್ಕರು. ಹಲಗೆ ಇದ್ದದ್ದೇ ಅಷ್ಟು. ಕವಲಿನಲ್ಲಿ ಹಳಿ ಬದಲಿಸುವ ಸ್ವಿಚ್ಚಿದೆ. ಗುಂಡಿ ಒತ್ತಿದರೆ ಚೂಪು ತುದಿಯ ಎರಡು ಹಳಿತುಂಡುಗಳು ಟಕ್ಕೆಂದು ಸರಿದು ರೈಲನ್ನು ಯಲ್ಲಾಪುರಕ್ಕೆ ತಿರುಗಿಸಬೇಕು.

ಒಂದು ಭಾನುವಾರ ನಿಲ್ಕುಂದದಿಂದ ಅಕ್ಕ ಬಂದಳು. ಆಸೆಪಟ್ಟು ಗುಂಡಿ ಒತ್ತಿದಳು. ರೈಲು ಅರ್ಧ ತಿರುಗಿ ಮಗುಚಿಬಿತ್ತು.

"ಜೋರಾಗಿ ಒತ್ತಿದ್ಯಾ ಅಕ್ಕಾ?"

"ಇಲ್ವೇ ಮಾರಾಯ್ತಿ, ಕರೆಗಂಟೆ ಒತ್ತಿದಂಗೆ ಒತ್ತಿದ್ದೆ."

"ತಿಳೀದೆ ಇದ್ದದ್ದನ್ನ ಮುಟ್ಟಬಾರ್ದು" ಅಂದುಬಿಟ್ಟೆ.

ಅಕ್ಕ ಕೈಗಳೆರಡನ್ನೂ ಸೆರಗಿನೊಳಗೆ ಸೇರಿಸಿ ಕೂತಳು. ಅಪ್ಪ ಅವ್ವ ಕೂಲಿಗೆ ಹೋದಾಗ ನನ್ನನ್ನೂ ತಮ್ಮಂದಿರನ್ನೂ ನೋಡಿಕೊಳ್ಳಲು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ಇವಳು. ಹಾಗಾಗಿ ನಾನು ಓದಿದೆ. ಅದನ್ನು ಅವಳು ಒಮ್ಮೆಯೂ ಆಡಿ ತೋರಿಸಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಹಲಗೆಯನ್ನು ಬೋರಲು ಹಾಕಿದೆ. ವೈರು ಎಳೆದು ನೋಡಿದೆ, ಸರಿಯಿತ್ತು. ಮೀಟರು ಹಿಡಿದೆ, ಕರೆಂಟಿತ್ತು. ಸ್ವಿಚ್ಚಿನ ಮೋಟಾರು ಬಿಚ್ಚಿದೆ, ಅದೂ ಆರೋಗ್ಯವಾಗಿತ್ತು. ಒಂದೊಂದು ಸರಿಯಿದೆಯೆಂದು ಗೊತ್ತಾದಂತೆಲ್ಲ ಅಕ್ಕನ ತಪ್ಪು ದೊಡ್ಡದಾಗುತ್ತ ಹೋಯಿತು. ಕೊನೆಗೆ ಹಲಗೆಯನ್ನು ಮತ್ತೆ ನೆಟ್ಟಗಿಟ್ಟು, ಟಾರ್ಚು ಬಿಟ್ಟು ಬಗ್ಗಿ ನೋಡಿದರೆ, ಸರಿಯುವ ಹಳಿಗೂ ನಿಂತ ಹಳಿಗೂ ನಡುವೆ ಸಿಕ್ಕಿಕೊಂಡ ಒಂದು ಅಕ್ಕಿಕಾಳು. ಅರಿಶಿನ ಹಚ್ಚಿದ್ದು.

ಆಯುಧಪೂಜೆಯ ದಿನ ಎಂಜಿನ್ನಿಗೆ ಕುಂಕುಮವಿಟ್ಟು, ಆರತಿ ಎತ್ತಿ, ಕೈತುಂಬ ಅಕ್ಷತೆ ಎರಚಿದವಳು ನಾನೇ. "ಸ್ಕೂಟರಿಗೆ ಮಾಡಿದ್ರೆ ಸಾಕು ಮಾರಾಯ್ತಿ" ಅಂದಿದ್ದ ಗಂಡನಿಗೆ, "ಯಂತ್ರದಲ್ಲಿ ಭೇದ ಮಾಡಬಾರದು" ಎಂದು ಪಾಠ ಹೇಳಿದ್ದೆ. ಆಮೇಲೆ ರೈಲು ಓಡಿಸಿರಲೂ ಇಲ್ಲ.

ಚಿಮಟದಲ್ಲಿ ಕಾಳು ಎತ್ತಿದೆ. ಎತ್ತಿದವಳು ಏನು ಮಾಡಬೇಕು? ಬಾಯಿಗೆ ಹಾಕಿಕೊಂಡೆ.

"ಎಂತ ತಿಂದ್ಯೇ?"

"ಪ್ರಸಾದ."

"ರೈಲಿನೊಳಗೆ ಪ್ರಸಾದ ಎಲ್ಲಿಂದ ಬಂತೇ?"

"ನಾನೇ ಹಾಕಿದ್ದು ಅಕ್ಕಾ. ತಪ್ಪು ನಂದು. ಸುಮ್ಮನೆ ನಿಂಗೆ ಅಂದೆ" ಎಂದೆ. ಇಷ್ಟು ಹೇಳುವುದಕ್ಕೆ ಬೆವರು ಬಂತು.

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹಂಗಾದ್ರೆ ನಾ ಒತ್ತಲಿಕ್ಕೆ ಅಡ್ಡಿಲ್ಲ, ಅಲ್ದನೇ?" ಎಂದು ಕುರ್ಚಿ ಎಳೆದುಕೊಂಡಳು. ಒತ್ತಿದಳು. ಟಕ್. ರೈಲು ಯಲ್ಲಾಪುರಕ್ಕೆ ಹೋಯಿತು. ಮತ್ತೆ ಹೋಯಿತು.

"ಒಂದ್ಸಲ ನಾ ಬಿಡ್ತೆ ಅಕ್ಕಾ."

"ತಡಿಯೇ, ಜನ ಹತ್ತಬೇಕಲ್ಲ!"

ನಾನು ಒಳಗೆ ಹೋಗಿ ಚಹಾ ಕಾಸಿ ತಂದೆ. ಯಲ್ಲಾಪುರ ಸ್ಟೇಷನ್ನಿನ ಪಕ್ಕ ಎರಡು ಲೋಟ ಹಿಡಿದು ಬಹಳ ಹೊತ್ತು ನಿಂತಿದ್ದೆ. "ಚಾಯ್, ಚಾಯ್" ಎಂದು ಕೂಗುವುದೊಂದು ಬಾಕಿ. ಗಾಡಿ ನಿಲ್ಲಲಿಲ್ಲ.